ಚಿಗವ್ವನ ಸೂಜಿ ಪರೀಕ್ಷೆ

ನಮ್ಮ ಚಿಗವ್ವನ ಎದುರು ಕೈ ಚಾಚಿದರೆ ಚಹಾ ಸಿಗುವುದಿಲ್ಲ, ಸೂಜಿ ಸಿಗುತ್ತದೆ! ಇನ್ನೊಂದು ಕೈಗೆ ದಾರ. "ಪೋಣಸ್ರಿ, ನೋಡೂಣು" ಎಂದು ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತರೆ, ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಮೀಸೆಗಾರನೂ ಎದುರಾಡಿದ್ದನ್ನು ನಾನು ಕಂಡಿಲ್ಲ. ಆ ನಿಲುವನ್ನು ನಾನು ಅಣಕಿಸಿದರೆ ಓಣಿಯೇ ನಗುತ್ತದೆ. ನನಗೆ ಸೊಂಟವೇ ಇಲ್ಲ ಎಂಬ ಕಾರಣಕ್ಕೂ ಇರಬಹುದು!

ವಿಷಯ ಇಷ್ಟೇ. ಗೋವಿನಜೋಳಕ್ಕೆ ಹುಳದ ಔಷಧ ಹೊಡೆದು ಬಂದ ದಿನ ತಿಳವಳ್ಳಿಯ ನಮ್ಮ ಗಂಡಸರಿಗೆ ತಲೆ ಸಿಡಿಯುತ್ತದೆ, ಕೈ ನಡುಗುತ್ತದೆ. ಕೇಳಿದರೆ "ಬಿಸಲಿಂದು" ಎನ್ನುತ್ತಾರೆ.

"ಬಿಸಲಿಂದೋ ಔಷಧದ್ದೋ, ನೋಡೇ ಬಿಡೂಣು" ಎಂದಳು ಚಿಗವ್ವ. "ಔಷಧದ್ದು ಅಂತ ಗೊತ್ತಾದ್ರ ಮೈ ಮುಚ್ಚಿಗೊಂಡು ಹೊಡೀತೀರೋ ಇಲ್ಲೋ?"

"ಮೊದಲ ಗೊತ್ತ ಮಾಡ್ರಿ ಅಕ್ಕಾರ" ಎಂದು ಗಂಡಸರು ಕಿಸಕ್ಕನೆ ನಕ್ಕರು.

ನಗಬಾರದಿತ್ತು! ತನ್ನಂಥ ರೈತ ಹೆಂಗಸರನ್ನು ಕಟ್ಟಿಕೊಂಡು ಆಕೆ ಊರೂರು ಹೊರಟೇಬಿಟ್ಟಳು. ಔಷಧ ಹೊಡೆಯುವ ಮೊದಲೊಮ್ಮೆ ಸೂಜಿ, ಹೊಡೆದ ಮೇಲೊಮ್ಮೆ ಸೂಜಿ.

ಹೋಲಿಸಲು ಔಷಧ ಮುಟ್ಟದವರ ಕೈಯೂ ಬೇಕಲ್ಲ? ಸವಣೂರಿನ ದರ್ಜಿ ಚಾಚಾನ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಚಾಚಾ ಗಿರಾಕಿಯೊಡನೆ ಮಾತಾಡುತ್ತಲೇ, ಸೂಜಿಯನ್ನು ನೋಡದೆಯೇ ಪೋಣಿಸಿಬಿಟ್ಟರು. ಆ ಲೆಕ್ಕದಲ್ಲಿ ನಮ್ಮ ಊರಿಗೆ ಊರೇ ನಪಾಸು!

"ನಂದು ಹೊಟ್ಟಿಪಾಡೇ ಇದು. ನನ್ನ ಕೂಡ ನಿಮ್ಮ ರೈತರನ್ನ ಯಾಕ ಪಂದ್ಯಕ್ಕ ಇಳಸ್ತೀರಿ ಅಕ್ಕಾ?" ಎಂದರು ಚಾಚಾ.

ಚಿಗವ್ವ ನಾಲಗೆ ಕಚ್ಚಿಕೊಂಡಳು. "ಖರೇ ಬಿಡ್ರಿ. ನಿಮ್ಮನ್ನ ಲೆಕ್ಕದಾಗಿಂದ ಬಿಟ್ಟೆ."

ಶಿಗ್ಗಾಂವಿಯ ಮದುವೆ ಕೇಳಿ. ಮದುಮಗ ಹಿಂದಿನ ದಿನ ಹತ್ತಿಗೆ ಔಷಧ ಹೊಡೆದಿದ್ದನೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಕ್ಷತೆಗೆ ಮುಂಚೆ ಹಂದರದಲ್ಲೇ ಸೂಜಿ ಹೊರಬಂತು! ಹುಡುಗನ ಕೈ ಗಡಗಡ.

"ಇದು ಔಷಧದ್ದಲ್ಲರೀ ಅಕ್ಕಾರ, ಮದುವಿದು!" ಎಂದ ಅವನ ಸೋದರಮಾವ. ಹಂದರವೆಲ್ಲ ನಕ್ಕಿತು. ಚಿಗವ್ವ ಮಾತ್ರ ಗಂಭೀರವಾಗಿ ತಲೆದೂಗಿದಳು.

"ಬರೋಬ್ಬರಿ. ಎರಡು ಕಾರಣ ಕೂಡಿದ್ರ ಯಾವುದಂತ ಹೇಳೂದು? ಇಂವನ್ನೂ ಬಿಡ್ರಿ."

ಗೆಲ್ಲಬೇಕೆಂದು ಹೊರಟವಳು, ತನ್ನ ಕಡೆಗೇ ವಾಲುತ್ತಿದ್ದ ಸಾಕ್ಷಿಯನ್ನು ಕೈಯಾರೆ ಎಸೆದುಬಿಡುವುದೇ! ಆಡಿಕೊಳ್ಳಲು ತೆರೆದ ನನ್ನ ಬಾಯಿ ಅಂದು ಹಾಗೆಯೇ ತೆರೆದುಕೊಂಡಿತ್ತು.

ಕೊನೆಗೆ ಹೋಲಿಕೆಗೆ ಬೇಕಾದ ಕೈ ಮನೆಯಲ್ಲೇ ಸಿಕ್ಕಿತು: ಆಕೆಯ ಅಕ್ಕ, ಅಂದರೆ ನಮ್ಮ ಅವ್ವ. ಔಷಧದ ಪಂಪು ಮುಟ್ಟಿದವಳಲ್ಲ. ಮೊಣಕಾಲು ನೋವಿನಿಂದ ಹೊಲದ ಬಿಸಿಲಿಗೂ ಹೋಗುವವಳಲ್ಲ. ಸೂಜಿ ಕೊಟ್ಟಾಗೆಲ್ಲ ಒಂದೇ ಏಟಿಗೆ ದಾರ ಒಳಗೆ! "ನೋಡ್ರಿ ನಮ್ಮಕ್ಕನ ಕೈ!" ಎಂದು ಚಿಗವ್ವ ಕಂಡಕಂಡವರಿಗೆಲ್ಲ ಸಾರುತ್ತಿದ್ದಳು.

ಮೊನ್ನೆ ಬೆಳಿಗ್ಗೆ ನಾನು ನಮ್ಮ ಹೊಲಕ್ಕೆ ಔಷಧ ಹೊಡೆದು ಬಂದೆ. ಸಂಜೆ ನಮ್ಮ ಪಡಸಾಲೆಯಲ್ಲೇ ಪರೀಕ್ಷೆ. ನೋಡಲು ಓಣಿಯ ಗಂಡಸರೂ ನೆರೆದಿದ್ದರು. ನಾನು ನಪಾಸಾದೆ, ಅದೇನು ದೊಡ್ಡ ಸುದ್ದಿಯಲ್ಲ. ಆಮೇಲೆ ಅವ್ವನ ಸರದಿ. ದಾರ ಸೂಜಿಯ ಕಣ್ಣು ತಪ್ಪಿ ಆಚೆ ಹೋಯಿತು. ಮತ್ತೆ ಈಚೆ. ಮತ್ತೆ ಆಚೆ.

"ಮಗನ್ನ ಅಣಕಸಾಕತ್ತೀಯೇನ ಬೇ?" ಎಂದು ಯಾರೋ ನಕ್ಕರು. ಅವ್ವ ಹಣೆಯ ಬೆವರು ಒರೆಸಿಕೊಂಡಳು. ನಗು ನಿಂತಿತು.

ಚಿಗವ್ವ ಅವ್ವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು.

"ಯಕ್ಕಾ, ಇವತ್ತ ಬಿಸಲಾಗ ಹೋಗಿದ್ದೇನು?"

"ಎಲ್ಲೀ ಬಿಸಲ ತಂಗೀ? ನೆರಳಾಗ ಕುಂತು ಇವನ ಔಷಧ ಹತ್ತಿದ ಅಂಗಿ ಒಗದೆ, ಅಷ್ಟ."

ಬಿಸಿಲಲ್ಲ, ಔಷಧವೇ ಎಂದು ತೋರಿಸಲು ಚಿಗವ್ವನಿಗೆ ಬೇಕಿದ್ದುದು ಇಂಥದೇ ಒಂದು ನಡುಕ; ಈಗ ಓಣಿಗೆಲ್ಲ ಕೇಳುವಂತೆ ಸಾರುತ್ತಾಳೆಂದು ಕಾದೆವು. ಆಕೆ ಅವ್ವನ ಬೆರಳುಗಳನ್ನು ತನ್ನ ಎರಡೂ ಅಂಗೈಗಳ ನಡುವೆ ಮುಚ್ಚಿ ಹಿಡಿದಳು.

"ಬಿಸಲಾಗ ಹೋಗಿದ್ದೆ ಅನ್ನು, ಯಕ್ಕಾ" ಎಂದಳು.