ತ್ರೀಡಿ ಕನ್ನಡಕದ ಸದುಪಯೋಗ

ಹನ್ನೊಂದು ವರ್ಷದಿಂದ ಅಂಗಡಿಯೊಂದರಲ್ಲಿ ಟಿ.ವಿ. ಮಾರುತ್ತಿದ್ದೇನೆ. ನನ್ನ ಮಾತಿಗೆ ಮರುಳಾಗದವರು ಇಡೀ ಊರಲ್ಲಿ ಇಬ್ಬರೇ: ನನ್ನ ಹೆಂಡತಿ ಮತ್ತು ಆಕೆಯನ್ನು ಹೆತ್ತ ತಾಯಿ. ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ.

ತ್ರೀಡಿ ಟಿ.ವಿ. ಬಂದಾಗ ಅಂಗಡಿ ಯಜಮಾನರಿಗೆ ಅನುಮಾನ. "ಜನ ಮನೇಲಿ ಕನ್ನಡಕ ಹಾಕ್ಕೊಂಡು ಟಿ.ವಿ. ನೋಡ್ತಾರೇನಯ್ಯಾ?"

"ನಮ್ಮನೇಲೇ ಒಂದು ತಿಂಗಳು ಇಟ್ಟು ನೋಡಿ ಸಾರ್," ಎಂದು ಎದೆ ತಟ್ಟಿಕೊಂಡೆ. ನಮ್ಮ ಮನೆಯವರು ಒಪ್ಪಿದರೆ ಅಂಥ ಐವತ್ತು ಟಿ.ವಿ. ತರಿಸುವುದು, ನನ್ನನ್ನು ಮ್ಯಾನೇಜರ್ ಮಾಡುವುದು ಎಂದು ತೀರ್ಮಾನವಾಯಿತು. (ಮ್ಯಾನೇಜರಿಗೆ ಕುರ್ಚಿಯಿದೆ. ಹನ್ನೊಂದು ವರ್ಷ ನಿಂತೇ ದುಡಿದವನಿಗೆ ಮಾತ್ರ ಅದರ ಮಹಿಮೆ ಗೊತ್ತು.)

ಟಿ.ವಿ. ಜೊತೆ ಬಂದದ್ದು ಎರಡೇ ಕನ್ನಡಕ. ಎರಡನ್ನೂ ಮಹಿಳಾಮಣಿಗಳಿಗೆ ಧಾರೆಯೆರೆದೆ. ನನ್ನ ಬರಿಗಣ್ಣಿಗೆ ನಾಯಕಿಗೆ ಎರಡು ಮೂಗು ಕಂಡರೂ 'ಆಹಾ' ಎಂದೆ.

ಐದೇ ನಿಮಿಷ. "ರೀ, ಇದನ್ನ ಹಾಕ್ಕೊಂಡು ಬಟ್ಟೆ ಮಡಚೋದು ಹೇಗೆ? ಕಪ್ಪು ಯಾವ್ದು, ನೀಲಿ ಯಾವ್ದು, ಒಂದೂ ಗೊತ್ತಾಗಲ್ಲ."

"ಟಿ.ವಿ. ನೋಡೋವಾಗ ಬಟ್ಟೆ ಯಾಕೆ ಮಡಚ್ತೀಯ?"

"ಬಟ್ಟೆ ಮಡಚೋವಾಗ ತಾನೇ ನಾನು ಟಿ.ವಿ. ನೋಡೋದು."

ಅತ್ತೆಯವರದು ಬೇರೆ ತಕರಾರು. "ಅಳಿಯಂದ್ರೇ, ಆ ಖಳನಾಯಕ ಸೀದಾ ನನ್ನ ಮಡಿಲಿಗೇ ಬರ್ತಾನೆ. ಅವನು ದೂರ ಇದ್ರೇ ನನಗೆ ಬೈಯೋಕೆ ಸಲೀಸು."

ಅಲ್ಲಿಗೆ ತ್ರೀಡಿ ಯುಗ ಮುಗಿಯಿತು. ತಿಂಗಳು ತುಂಬುವ ಭಾನುವಾರ ಯಜಮಾನರು ಪತ್ನೀಸಮೇತ ಬರುತ್ತೇನೆಂದರು. ಹೆಂಡತಿಯ ಮುಂದೆ ಗೋಗರೆದೆ.

"ಅವರು ಬಂದಾಗ ಕನ್ನಡಕ ಹಾಕ್ಕೊಂಡಿರ್ಬೇಕು, ಅಷ್ಟೇ ತಾನೇ? ಹೇಗೂ ದಿನಾ ಹಾಕ್ಕೋತೀವಿ ಬಿಡಿ," ಎಂದಳು. ಆಗಲೇ ನನಗೆ ಗುಮಾನಿ ಬರಬೇಕಿತ್ತು.

ಭಾನುವಾರ ಅತಿಥಿಗಳನ್ನು ಒಳಗೆ ಕರೆತಂದೆ. ಹಾಲ್‌ನಲ್ಲಿ ಟಿ.ವಿ.ಯೊಳಗಿನ ಹುಲಿಯೊಂದು ಖಾಲಿ ಸೋಫಾದ ಮೇಲೆ ಎಗರುತ್ತಿತ್ತು. ಅಡುಗೆಮನೆಯಲ್ಲಿ ತಾಯಿ ಮಗಳಿಬ್ಬರೂ ಕಪ್ಪು ಕನ್ನಡಕಧಾರಿಗಳಾಗಿ ರಾಶಿ ಈರುಳ್ಳಿ ಹೆಚ್ಚುತ್ತಿದ್ದರು.

"ಒಂದು ತೊಟ್ಟು ಕಣ್ಣೀರಿಲ್ಲ ನೋಡಿ," ಎಂದು ಅತ್ತೆ ಘೋಷಿಸಿದರು. "ಒಳ್ಳೇ ಟಿ.ವಿ. ಕಂಪನಿ."

ಯಜಮಾನರ ಪತ್ನಿ ಅತ್ತೆಯ ಕನ್ನಡಕ ಇಸಿದುಕೊಂಡು ಒಂದು ಈರುಳ್ಳಿ ಹೆಚ್ಚಿದರು. ಇನ್ನೊಂದು ಹೆಚ್ಚಿದರು. ಆಮೇಲೆ ಗಂಡನತ್ತ ತಿರುಗಿ, "ರೀ, ನಮಗೂ ಎರಡು ತೆಗೆದಿಡಿ. ಟಿ.ವಿ. ಬೇಡ," ಎಂದರು.

ಯಜಮಾನರು ಮಾತಿಗೆ ತಪ್ಪುವವರಲ್ಲ. ಟಿ.ವಿ. ವಾಪಸ್ ಹೋಯಿತು, ನಾನು ಮ್ಯಾನೇಜರ್ ಆದೆ, ಈರುಳ್ಳಿ ಕನ್ನಡಕ ವಿಭಾಗಕ್ಕೆ. ಕುರ್ಚಿ ಕೊಟ್ಟಿಲ್ಲ, ಏಕೆಂದರೆ ಗಿರಾಕಿಗಳ ಎದುರು ದಿನವಿಡೀ ನಿಂತು ಈರುಳ್ಳಿ ಹೆಚ್ಚಿ ತೋರಿಸಬೇಕು. ಕನ್ನಡಕ ಹಾಕಿಕೊಂಡು ಪರೀಕ್ಷಿಸುವವರು ಗಿರಾಕಿಗಳು. ಅಳುವವನು ನಾನು.