ವಿಮಾನದ ಮೂಗಿಗೊಂದು ಬೊಟ್ಟು

ಬೇರೆಯವರ ಸಂಕಟಕ್ಕೆ ಕಾರಣ ಹೇಳಿ ಸಂಬಳ ಪಡೆಯುವವರು ತಮ್ಮದೇ ಒಂದು ಸಂಕಟವನ್ನು ಮನೆಗೆ ತಂದಿಟ್ಟುಕೊಳ್ಳಬಾರದು. ನಾನು ತಂದಿಟ್ಟುಕೊಂಡೆ. ನನ್ನ ಉದ್ಯೋಗ ಕರೆಂಟಿನ ಆಫೀಸಿನಲ್ಲಿ ಫೋನ್ ಎತ್ತುವುದು. ನಮ್ಮ ಕಡೆ ಗಾಳಿ ಸ್ವಲ್ಪ ಜೋರಾದರೂ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗುತ್ತದೆ, ಒಡನೆ ನನ್ನ ಫೋನು ಹೊಡೆದುಕೊಳ್ಳುತ್ತದೆ. ಕರೆಂಟ್ ಯಾಕೆ ಹೋಯಿತು, ಯಾವಾಗ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುತ್ತಲೇ ನನ್ನ ತಲೆ ನರೆತಿದೆ. ಇಂಥವನು ರಿಮೋಟಿನಲ್ಲಿ ಹಾರಿಸುವ ವಿಮಾನವೊಂದನ್ನು ಕೊಂಡ, ಅದರ ಕರೆಂಟು ನಡು ಆಕಾಶದಲ್ಲಿ ಹೋಗತೊಡಗಿತು ಎಂದರೆ ಊರಿನವರಿಗೆ ಎಷ್ಟು ಸಂತೋಷವಾಗಿರಬೇಡ.

ಯಾಕೆ ಕೊಂಡೆ ಎಂದು ಮಾತ್ರ ಕೇಳಬೇಡಿ. ಐವತ್ತು ದಾಟಿದ ಗಂಡಸರಲ್ಲಿ ಕೆಲವರು ಜೇನು ಸಾಕುತ್ತಾರೆ, ಕೆಲವರು ತಾಳಮದ್ದಳೆಯಲ್ಲಿ ಅರ್ಥ ಹೇಳಲು ಹೊರಡುತ್ತಾರೆ. ಇವೆರಡಕ್ಕೂ ಹೋಲಿಸಿದರೆ ವಿಮಾನ ಕಚ್ಚುವುದೂ ಇಲ್ಲ, ಬೇರೆಯವರ ನಿದ್ದೆ ಕೆಡಿಸುವುದೂ ಇಲ್ಲ. ಥರ್ಮೋಕೋಲಿನಂಥ ಹಗುರ ಮೈ, ಅಡಿಕೆ ಹಾಳೆಯಷ್ಟುದ್ದದ ರೆಕ್ಕೆ, ಹೊಟ್ಟೆಯಲ್ಲೊಂದು ಬ್ಯಾಟರಿ, ಮೂಗಿನಲ್ಲೊಂದು ಮೋಟಾರು. ತೊಂದರೆ ಇದ್ದದ್ದು ಜಾಗದ್ದು. ದೇವರು ನಮ್ಮ ಹಿರೇಕೊಡಿಗೆ ಸುತ್ತಿನ ಭೂಮಿಯನ್ನು ಮಡಚಿ ಇಟ್ಟವನು ಬಿಡಿಸಲು ಮರೆತಿದ್ದಾನೆ. ಸಪಾಟು ಎಂದರೆ ಕೊಯ್ಲಾದ ಗದ್ದೆ, ಅದರಲ್ಲೂ ಪಕ್ಕದ ಮನೆ ನಾಗೇಶಣ್ಣನ ದೊಡ್ಡ ಗದ್ದೆ ಒಂದೇ. ಅವನು ದೊಡ್ಡ ಮನಸ್ಸು ಮಾಡಿ ಹಾರಿಸಿಕೊಳ್ಳಿ ಎಂದಿದ್ದ. ಗದ್ದೆಯ ಆಚೆ ಅಂಚಿನಲ್ಲಿ ಅವನು ಚಪ್ಪರ ಹಾಕಿ ಅಲಸಂದೆ ಹಬ್ಬಿಸಿದ್ದ.

ವಿಮಾನ ಚೆನ್ನಾಗಿಯೇ ಏಳುತ್ತಿತ್ತು. ಗುಂಯ್ ಎಂದು ಕೆಲವು ಸುತ್ತು ಬರುತ್ತಿತ್ತು. ನಾನು ಹೆಮ್ಮೆಯಿಂದ ಅತ್ತಿತ್ತ ನೋಡುವ ಹೊತ್ತಿಗೆ ಸದ್ದು ನಿಂತುಹೋಗುತ್ತಿತ್ತು. ವಿಚಿತ್ರವೆಂದರೆ ರೆಕ್ಕೆ, ಬಾಲ ಎಲ್ಲ ರಿಮೋಟಿನ ಮಾತು ಕೇಳುತ್ತಿದ್ದವು, ಮೋಟಾರು ಮಾತ್ರ ಮೌನ. ಎತ್ತ ತಿರುಗಿಸಿದರೂ ಅದು ಇಳಿಯುತ್ತಿದ್ದುದು ಅಲಸಂದೆ ಚಪ್ಪರಕ್ಕೇ. ಮೊದಲ ಸಲ ನಾಗೇಶಣ್ಣ ನಕ್ಕು, "ಎಂತ ಮಾರಾಯ್ರೆ, ಇದರ ಲೈನಿಗೂ ಮರ ಬಿತ್ತಾ?" ಎಂದು ಕೇಳಿದ. ಎರಡನೆಯ ಸಲ ಚಪ್ಪರದ ಒಂದು ಮೂಲೆ ಕುಸಿಯಿತು. ಅವನು ನಗಲಿಲ್ಲ. ಬಳ್ಳಿ ಎತ್ತಿ ಕಟ್ಟುತ್ತ ನಿಧಾನವಾಗಿ ಹೇಳಿದ: "ಇನ್ನೊಂದು ಸಲ ಇಲ್ಲಿಗೆ ಬಿದ್ರೆ, ಈ ಗದ್ದೆಗೆ ನೀವು ಬನ್ನಿ, ಅದು ಬರೋದು ಬೇಡ." ಅಂದರೆ ನನ್ನ ವೈಮಾನಿಕ ಜೀವನಕ್ಕೆ ಉಳಿದಿದ್ದು ಒಂದೇ ಅವಕಾಶ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮನೆಗೆ ತಂದು ಮೇಜಿನ ಮೇಲಿಟ್ಟು ಚಾಲೂ ಮಾಡಿದರೆ ಮೋಟಾರು ಮದುಮಗನ ಹಾಗೆ ಉತ್ಸಾಹದಲ್ಲಿ ತಿರುಗುತ್ತದೆ. ರಾತ್ರಿಯೆಲ್ಲ ಕೆಮ್ಮಿದವರು ಡಾಕ್ಟರ ಎದುರು ಕೂತಾಗ ಒಂದು ಕೆಮ್ಮೂ ಬರುವುದಿಲ್ಲವಲ್ಲ, ಅದೇ ಜಾತಿ. ಬೇರೆ ಬ್ಯಾಟರಿ ಹಾಕಿದೆ. ವೈರುಗಳ ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಮೂಗಿನ ತುದಿಯಲ್ಲಿ ತಿರುಗುವ ಫ್ಯಾನು ಬದಲಿಸಿದೆ. ಕೊನೆಗೆ ಮಾರಿದವರಿಗೇ ಫೋನ್ ಮಾಡಿದೆ. ಆ ತುದಿಯ ಹುಡುಗಿ ಬಹಳ ವಿನಯದಿಂದ, ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ ಸಾರ್ ಎಂದಳು. ಆ ವಿನಯ ನನಗೆ ಚಿರಪರಿಚಿತ. ಗೊತ್ತಿಲ್ಲದಿದ್ದಾಗ ನಾನೂ ಅದೇ ದನಿಯಲ್ಲಿ ಮಾತಾಡುತ್ತೇನೆ.

ನನ್ನ ಹೆಂಡತಿ ಜಯಂತಿಗೆ ಕಾರಣ ಮೊದಲೇ ಗೊತ್ತಿತ್ತಂತೆ. ಸ್ಕೂಟರನ್ನು ಶೃಂಗೇರಿಗೆ ಒಯ್ದು ಪೂಜೆ ಮಾಡಿಸಿಕೊಂಡು ಬಂದವರು ನಾವು. ವಾಷಿಂಗ್ ಮಷೀನಿಗೂ ಮೊದಲ ದಿನ ಕುಂಕುಮ ಬಿದ್ದಿದೆ. "ನೆಲದ ಮೇಲೆ ಓಡೋದಕ್ಕೆ ಪೂಜೆ ಬೇಕು, ಆಕಾಶದಲ್ಲಿ ಹೋಗೋದಕ್ಕೆ ಬೇಡ್ವಾ?" ಎಂದಳು. ಆ ಭಾನುವಾರ ಗದ್ದೆಯಲ್ಲೇ ವಾಹನ ಪೂಜೆ ನಡೆಯಿತು. ಚಕ್ರದಡಿ ಇಡಲು ತಂದ ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದಿತ್ತು, ವಿಮಾನ ಅದರ ಮೇಲೆ ಹತ್ತಿ ಕೂತಿತು. ಜಯಂತಿ ಮೂಗಿಗೆ ಕುಂಕುಮ ಹಚ್ಚಹೋದರೆ ಅಂಟಲಿಲ್ಲ. ಇದೆಂತದು ಪ್ಲಾಸ್ಟರು ಎಂದು ಕೇಳಿದಳು.

ಅದು ನಾನು ಬಾಳೆಹೊನ್ನೂರಿನಿಂದ ತಂದು ಸುತ್ತಿದ ಟೇಪು. ವಿಮಾನದ ಮೂಗಿನ ಎರಡೂ ಬದಿಗೆ ಹೊಳ್ಳೆಗಳ ಹಾಗೆ ಒಂದೊಂದು ತೂತಿತ್ತು. ನಮ್ಮ ಕಡೆ ಯಾವುದೇ ತೂತನ್ನು ತೆರೆದಿಟ್ಟರೆ ಕಣಜದ ಹುಳ ಬಂದು ಮಣ್ಣು ಮೆತ್ತಿ ಸಂಸಾರ ಹೂಡುತ್ತದೆ. ಬೀಗದ ಕಿಂಡಿ, ಪ್ಲಗ್ಗಿನ ತೂತು, ಯಾವುದನ್ನೂ ಅದು ಬಿಟ್ಟಿಲ್ಲ. ಹಾಗಾಗಿ ಹೊಸ ಸಾಮಾನು ಮನೆಗೆ ಬಂದರೆ ಮೊದಲು ತೂತು ಮುಚ್ಚುವುದು ನನ್ನ ರೂಢಿ. ಇದನ್ನೆಲ್ಲ ನಾನು ವಿವರಿಸುತ್ತಿರುವಾಗಲೇ ಜಯಂತಿ ಟೇಪನ್ನು ಕಿತ್ತು ಉಂಡೆ ಮಾಡಿ ತಟ್ಟೆಗೆ ಹಾಕಿ ಬೊಟ್ಟಿಟ್ಟಳು. ನಾಗೇಶಣ್ಣ ತೆಂಗಿನಕಾಯಿ ಒಡೆದ.

ವಿಮಾನ ಎದ್ದಿತು. ಅಲಸಂದೆ ಚಪ್ಪರದ ಮೇಲೆ ಹೋದಾಗ ನಾನು ಕಣ್ಣು ಮುಚ್ಚಿದೆ. ಸದ್ದು ನಿಲ್ಲಲಿಲ್ಲ. ಬ್ಯಾಟರಿ ಮುಗಿಯುವವರೆಗೂ ಅದು ಹದ್ದಿನ ಹಾಗೆ ಸುತ್ತಿ, ಹೇಳಿದ ಜಾಗದಲ್ಲಿ ಇಳಿಯಿತು. ನಾಗೇಶಣ್ಣ ಕೈ ಮುಗಿದ. ಜಯಂತಿ ಗೆದ್ದವಳ ಹಾಗೆ ನನ್ನ ಮುಖ ನೋಡಿ, ಪ್ರಸಾದಕ್ಕೆ ಕಾಯಿ ಚೂರು ಮಾಡತೊಡಗಿದಳು.

ಎತ್ತಿಕೊಂಡು ಬರುವಾಗ ಮೂಗಿನ ಹೊಳ್ಳೆಗೆ ಬೆರಳಿಟ್ಟೆ. ಒಳಗೆ ತಣ್ಣಗಿತ್ತು. ಆಗ ನನ್ನ ತಲೆಯೊಳಗೆ ಲೈಟು ಹತ್ತಿತು. ಮೋಟಾರಿಗೆ ಕರೆಂಟನ್ನು ಅಳೆದು ಕೊಡುವ ಪುಟ್ಟ ಪೆಟ್ಟಿಗೆಯೊಂದು ಆ ತೂತುಗಳ ಹಿಂದೆಯೇ ಇದೆ. ಗಾಳಿ ಆಡದಿದ್ದರೆ ಅದು ಕಾಯುತ್ತದೆ, ಕಾದರೆ ಸುಟ್ಟುಹೋಗದಿರಲೆಂದು ತಾನೇ ಮೋಟಾರನ್ನು ನಿಲ್ಲಿಸುತ್ತದೆ. ಕೆಳಗೆ ಬಿದ್ದು, ಮನೆಗೆ ಬರುವಷ್ಟರಲ್ಲಿ ತಣಿದು ಸಂಭಾವಿತನ ಹಾಗೆ ವರ್ತಿಸುತ್ತದೆ. ಪಾಪದ್ದರ ಮೂಗು ಕಟ್ಟಿ ಓಡು ಓಡು ಎಂದವನು ನಾನೇ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೇಳಿದರೆ ಪೂಜೆಯ ಮಹಿಮೆ ಇಳಿಯುತ್ತದೆ ನಿಜ, ಆದರೆ ಕರೆಂಟು ತೆಗೆದವನು ಯಾರೆಂಬುದೂ ಊರಿಗೆ ಗೊತ್ತಾಗುತ್ತದೆ. ತೆರೆದ ಬಾಯಿಗೆ ಪ್ರಸಾದದ ಕಾಯಿಚೂರು ಹಾಕಿಕೊಂಡು ಸುಮ್ಮನಾದೆ.

ಅಂದಿನಿಂದ ಪ್ರತಿ ಭಾನುವಾರ ಪೂಜೆಯಾಗದೆ ವಿಮಾನ ಗದ್ದೆಗಿಳಿಯುವುದಿಲ್ಲ, ಅದು ನಾಗೇಶಣ್ಣನ ಕಟ್ಟುನಿಟ್ಟು. ನಾನು ಒಳಗೊಳಗೇ ನಗುತ್ತ ನಿಲ್ಲುತ್ತಿದ್ದೆ. ಕಳೆದ ಭಾನುವಾರ ಜಯಂತಿ ಮುತ್ತಿನಕೊಪ್ಪದ ತವರಿಗೆ ಹೋಗಿದ್ದಳು, ನಾಗೇಶಣ್ಣ ಪೇಟೆಗೆ ಹೋಗಿದ್ದ. ಸತ್ಯ ತಿಳಿದವನೊಬ್ಬನೇ ಸ್ವತಂತ್ರವಾಗಿ ಹಾರಿಸುವ ದಿನ. ತೂತುಗಳನ್ನು ನೋಡಿದೆ, ಸ್ವಚ್ಛವಾಗಿ ತೆರೆದಿದ್ದವು. ಬ್ಯಾಟರಿ ತುಂಬಿತ್ತು. ದೂರದಲ್ಲಿ ಅಲಸಂದೆ ಚಪ್ಪರ ಹೂ ಬಿಟ್ಟು ನಿಂತಿತ್ತು. ಯಾಕೋ ಬೆರಳು ರಿಮೋಟನ್ನು ಒತ್ತಲೊಲ್ಲದು. ವಿಮಾನವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ವಾಪಸು ಬಂದೆ. ಯಾರೂ ಇಲ್ಲವೆಂದು ಗೊತ್ತಿದ್ದರೂ ಒಮ್ಮೆ ಅತ್ತಿತ್ತ ನೋಡಿ, ದೇವರ ಮನೆಯ ಬಟ್ಟಲಿನಿಂದ ಕುಂಕುಮ ತೆಗೆದು ಅದರ ಮೂಗಿಗೆ ಬೊಟ್ಟಿಟ್ಟೆ. ತೂತಿಗೆ ತಾಗದ ಹಾಗೆ, ಸ್ವಲ್ಪ ಮೇಲಕ್ಕೆ.