ಅಮರಗುಂಡನ ಕಾಲು, ಜಂಬಣ್ಣನ ಮೀಸೆ

ಲಿಂಗಸುಗೂರಿನ ಕಿರಾಣಿ ಅಂಗಡಿ ಜಂಬಣ್ಣ ಬೆಳಿಗ್ಗೆ ಬಾಗಿಲು ತೆಗೆದು, ತಕ್ಕಡಿಗೆ ಕೈಮುಗಿದು, ಮೀಸೆಗೆ ಎಣ್ಣೆ ಹಚ್ಚಲು ಕೂತಿದ್ದ. ತಲೆಯ ಮೇಲಿನ ಕೂದಲು ಅವನನ್ನು ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಬೆಳೆಯದೆ ಉಳಿದದ್ದೆಲ್ಲ ಮೂಗಿನ ಕೆಳಗೆ ಇಳಿದು ಬಂದಂತೆ ಮೀಸೆ ಮಾತ್ರ ಎರಡೂ ಗಲ್ಲ ದಾಟಿ ಕಿವಿಯ ಕಡೆ ಹೊರಟಿತ್ತು. ಆಗ ಪಕ್ಕದ ಮನೆಯ ಜಂಗಮ ಕರಿಬಸಯ್ಯ ಬಂದು ಕಟ್ಟೆಗೆ ಒರಗಿ ನಿಂತ. ಒಳ್ಳೆಯ ಸುದ್ದಿ ಹೇಳಲು ಈ ಅಯ್ಯ ಯಾವತ್ತೂ ಇಷ್ಟು ಬೇಗ ಎದ್ದವನಲ್ಲ.

"ಅಮರಗುಂಡ ಕುಂಟಾಕತ್ತಾನಲ್ಲೋ ಜಂಬಣ್ಣ. ಬಾವಿ ಹತ್ರ ಈಗ ನೋಡಿ ಬಂದೆ. ಬಲಗಾಲು."

ಎಣ್ಣೆಯ ಬೆರಳು ಮೀಸೆ ಬಿಟ್ಟು ಮೂಗಿನೊಳಗೆ ಹೋಯಿತು.

ಅಮರಗುಂಡಪ್ಪ ಪಾಮನಕಲ್ಲೂರಿನ ಹುಡುಗ, ತಹಸೀಲ್ ಕಚೇರಿಯಲ್ಲಿ ಚಪರಾಸಿ. ಅಟ್ಟದ ಮೇಲಿನ ದಫ್ತರದ ಗಂಟುಗಳನ್ನು ಏಣಿಯಿಲ್ಲದೆ ಇಳಿಸುವಷ್ಟು ಎತ್ತರ. ಪೊಲೀಸ್ ಆ್ಯಕ್ಷನ್ ಮುಗಿದು ಊರು ಉಸಿರು ಬಿಟ್ಟ ಮೇಲೆ, ಹೈದರಾಬಾದಿನಲ್ಲಿ ಕಲಿತು ಬಂದ ಡ್ರಿಲ್ ಮಾಸ್ತರೊಬ್ಬರು ಶಾಲೆಯ ಬಯಲಿನಲ್ಲಿ ಎರಡು ಕಂಬ ನೆಟ್ಟು, ಕಬ್ಬಿಣದ ಬಳೆ ಕಟ್ಟಿಸಿ, ಬಾಸ್ಕೆಟ್ ಬಾಲ್ ಎಂಬ ಆಟ ಶುರು ಮಾಡಿದ್ದರು. ಹಾಕಿದ ಚೆಂಡು ಕೆಳಗೇ ಬೀಳುವುದಾದರೆ ಬುಟ್ಟಿ ಯಾಕೆ ಬೇಕು ಎಂದು ಊರ ಹಿರಿಯರು ಮೊದಮೊದಲು ಕೇಳಿದ್ದುಂಟು. ಅಮರಗುಂಡ ಆಡಲು ಇಳಿದ ಮೇಲೆ ಯಾರೂ ಕೇಳಲಿಲ್ಲ. ಅವನು ಕೈ ಎತ್ತಿದರೆ ಚೆಂಡು ಬುಟ್ಟಿಯೊಳಗೇ ಇರುತ್ತಿತ್ತು.

ಆದರೆ ದೇವರು ಅವನನ್ನು ಉದ್ದ ಮಾಡುವ ಭರದಲ್ಲಿ ಕೀಲುಗಳನ್ನು ಬಿಗಿ ಮಾಡುವುದನ್ನು ಮರೆತಿದ್ದ. ರಾಯಚೂರಿನವರ ಮೇಲೆ ಆಡುವಾಗ ಹಿಮ್ಮಡಿ ಹೊರಳಿತು, ಮುದಗಲ್ಲಿನವರ ಮೇಲೆ ಬೆರಳು ಜಾರಿತು. ಒಮ್ಮೆ ಆಟ ಶುರುವಾಗುವ ಮೊದಲೇ ಸೀನಿ ಬೆನ್ನು ಹಿಡಿಸಿಕೊಂಡು ಮಲಗಿದ. ಹೀಗಾಗಿ ಚಹದ ಅಂಗಡಿಗಳಲ್ಲಿ ಜನ ಅವನು ಎಷ್ಟು ಚೆಂಡು ಹಾಕುತ್ತಾನೆ ಎನ್ನುವುದನ್ನು ಬಿಟ್ಟು, ಇನ್ನೆಷ್ಟು ವರ್ಷ ಬಾಳಿಕೆ ಬರುತ್ತಾನೆ ಎಂದು ಎತ್ತು ಕೊಳ್ಳುವವರಂತೆ ಚರ್ಚೆ ಮಾಡುತ್ತಿದ್ದರು.

ಇಂಥ ಚರ್ಚೆಯಲ್ಲೇ ಜಂಬಣ್ಣ ಸಿಕ್ಕಿಬಿದ್ದದ್ದು. ಹಿಂದಿನ ವಾರ ಸಿಂಧನೂರಿನ ಬಟ್ಟೆ ವ್ಯಾಪಾರಿ ಕನಕರಾಯ, ತಾನೂ ದೊಡ್ಡ ಮೀಸೆಯವನು, ಅಂಗಡಿಯ ಮುಂದೆ ನಿಂತು ನಕ್ಕಿದ್ದ. "ನಿಮ್ಮ ಹುಡುಗ ಗಾಜಿನ ಬುಡ್ಡಿರಿ ಜಂಬಣ್ಣೋರ. ನಮ್ಮೂರವ್ರ ಮ್ಯಾಲೆ ಕಡೀ ಸೀಟಿ ಹೊಡಿಯೋತನಕಾ ಕಾಲ ಮ್ಯಾಲೆ ನಿಂತಾನಂದ್ರ ನನ್ನ ಮೀಸಿ ತೆಗಸ್ತೀನಿ. ಇಲ್ಲಂದ್ರ ನಿಮ್ಮದು." ಸುತ್ತ ಊರ ಜನ ನಿಂತಿದ್ದರು. ಜಂಬಣ್ಣ ಮೀಸೆ ತಿರುವಿ ಹೂಂ ಎಂದುಬಿಟ್ಟ. ಈ ಪಂಥದ ಮಾತನ್ನು ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಹೆಂಡತಿ ಕಸ್ತೂರೆಮ್ಮ ನಗಲು ಶುರು ಮಾಡಿದರೆ ಮುಂದಿನ ಹಬ್ಬ ಕಳೆದರೂ ನಿಲ್ಲಿಸುವವಳಲ್ಲ. ಇವತ್ತೇ ಆಟದ ದಿನ.

ಜಂಬಣ್ಣ ಅಂಗಡಿಯ ಬಾಗಿಲು ಎಳೆದು ಅಮರಗುಂಡನ ಕೋಣೆಗೆ ಓಡಿದ. ಕರಿಬಸಯ್ಯ ಕರೆಯದಿದ್ದರೂ ಹಿಂದೆ ಬಂದ. ಅಮರಗುಂಡ ಎಡಗಾಲಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದ.

"ಬಲಗಾಲು ಅಂದ್ರಲ್ಲ ಅಯ್ಯನೋರ?" ಎಂದ ಜಂಬಣ್ಣ.

"ನಾ ನೋಡಿದಾಗ ಬಲಗಾಲೇ ಇತ್ತು."

"ನೋವಿದ್ದದ್ದು ಎಡಕ್ಕರಿ," ಎಂದು ಅಮರಗುಂಡ ವಿವರಿಸಿದ. "ಅದರ ಮ್ಯಾಲೆ ಭಾರ ಹಾಕಬಾರದು ಅಂತ ಬಲಗಾಲ ಮ್ಯಾಲೆ ಕುಂಟಿದೆ. ಈಗ ಅದೂ ಸ್ವಲ್ಪ ಹಿಡದದ."

ಜಂಬಣ್ಣನಿಗೆ ಯಾವ ಕಾಲಿನ ಬಗ್ಗೆ ಎಷ್ಟು ಗಾಬರಿಯಾಗಬೇಕೆಂದು ತಿಳಿಯಲಿಲ್ಲ. ಎಲುಬು ಕೂಡಿಸುವ ಬಂದೇಸಾಬನನ್ನು ಕರೆತಂದ. ಬಂದೇಸಾಬ ಎರಡೂ ಕಾಲನ್ನು ಒತ್ತಿ ನೋಡಿ, ಉದ್ದಿನ ಹಿಟ್ಟಿಗೆ ಕೋಳಿಮೊಟ್ಟೆ ಕಲಸಿ ಪಟ್ಟು ಹಾಕಬೇಕು ಎಂದ.

ಅಮರಗುಂಡ ಕಾಲು ಎಳೆದುಕೊಂಡ. "ನಾವು ಲಿಂಗವಂತರು ಬಂದೇಸಾಬ. ತತ್ತಿ ನಡ್ಯಂಗಿಲ್ಲ."

"ಹಚ್ಚೋದು ಕಾಲಿಗೆ ತಮ್ಮಾ. ಕಾಲೇನ್ ತಿಂತದೇನು?"

ಇದು ಧರ್ಮದ ಪ್ರಶ್ನೆಯಾದ್ದರಿಂದ ಎಲ್ಲರೂ ಕರಿಬಸಯ್ಯನ ಮುಖ ನೋಡಿದರು. ಅಯ್ಯ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, ಎಡಗಾಲಾದರೆ ಅಡ್ಡಿಯಿಲ್ಲ, ಬಲಗಾಲಿಗೆ ಮಾತ್ರ ಬೇಡ ಎಂದು ತೀರ್ಪು ಕೊಟ್ಟ. ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ, ಪಟ್ಟಂತೂ ಬಿತ್ತು. "ಫಿಕರ್ ಮಾಡಬ್ಯಾಡ್ರಿ," ಎಂದು ಬಂದೇಸಾಬ ಜಂಬಣ್ಣನಿಗೆ ಧೈರ್ಯ ಹೇಳಿದ. "ಆಡ್ತಾನ. ಆದ್ರ ಅಲ್ಲೀತನಕ ನೆಲಕ್ಕ ಕಾಲು ಇಡಬಾರದು."

ಮಧ್ಯಾಹ್ನ ಜಂಬಣ್ಣ ಊಟಕ್ಕೆ ಕೂತು ರೊಟ್ಟಿ ಮುರಿದನೇ ಹೊರತು ಬಾಯಿಗೆ ಇಡಲಿಲ್ಲ. ಕಸ್ತೂರೆಮ್ಮ ನೋಡುವಷ್ಟು ನೋಡಿ ಕೇಳಿದಳು. "ಏನಾಗ್ಯಾದರಿ ನಿಮಗ?"

"ಅಮರಗುಂಡ ಇವತ್ತು ಕಡೀತನಕಾ ನಿಲ್ಲಬೇಕು ನೋಡು. ಇಲ್ಲಂದ್ರ ನಾ ಊರಾಗ ಮುಖ ತೋರಿಸಂಗಿಲ್ಲ."

"ಅವಗ ಕಾಲು ನೋವಾದ್ರ ನಿಮ್ಮ ಮುಖಕ್ಕೇನ್ರಿ?"

ಜಂಬಣ್ಣ ನೀರು ಕುಡಿದ. ಗಂಡನ ಕಣ್ಣಲ್ಲಿ ನೀರಾಡಿದ್ದನ್ನು ಕಸ್ತೂರೆಮ್ಮ ಕಂಡಳು. ಅವಳು ಎದ್ದು ದೇವರ ಮುಂದೆ ದೀಪ ಹಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡು ಬಂದಳು. "ನಾ ಮಾಡೋದು ಮಾಡೀನಿ. ನೀವು ನಿಶ್ಚಿಂತಿ ಹೋಗಿ ಬರ್ರಿ." ಅವಳ ಮಾತಿನಿಂದ ಜಂಬಣ್ಣನಿಗೆ ನಿಜವಾಗಿಯೂ ಸಮಾಧಾನವಾಯಿತು, ಎರಡು ರೊಟ್ಟಿ ಹೆಚ್ಚೇ ತಿಂದ.

ನೆಲಕ್ಕೆ ಕಾಲಿಡದೆ ಬಯಲು ಸೇರಿಸಬೇಕಲ್ಲ, ಅದಕ್ಕಾಗಿ ಎತ್ತಿನ ಬಂಡಿ ತರಿಸಿ, ಕೌದಿಯ ಮೇಲೆ ಕೌದಿ ಹಾಸಿ, ಅಮರಗುಂಡನನ್ನು ಗಾಣದಿಂದ ತಂದ ಎಣ್ಣೆಯ ಕೊಡದಷ್ಟು ಜೋಪಾನವಾಗಿ ಮಲಗಿಸಿದರು. ಬಂಡಿಗಿಂತ ಹುಡುಗ ಉದ್ದವಾದ್ದರಿಂದ ಕಾಲುಗಳು ಹಿಂದೆ ಹೊರಗೆ ಉಳಿದವು. ಜಂಬಣ್ಣ ಅವುಗಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಹಿಂದೆ ನಡೆದ. ಅಂಗಡಿಯವರೆಲ್ಲ ಎದ್ದು ನಿಂತು ಯಾರು ಹೋದರೆಂದು ಕೇಳಿದರು. ಸಂತೆಕಟ್ಟೆಯ ಹತ್ತಿರ ಬಂಡಿಯ ಗಾಲಿ ಗುಂಡಿಗೆ ಇಳಿಯಿತು. ಅಮರಗುಂಡನ ಕಾಲು ಅಲುಗಬಾರದೆಂದು ಎತ್ತಿ ಹಿಡಿದ ಜಂಬಣ್ಣ ತನ್ನ ಕಾಲು ಎಲ್ಲಿದೆಯೆಂದು ನೋಡಲಿಲ್ಲ. ಅದು ಗುಂಡಿಯಲ್ಲೇ ಇತ್ತು.

ಹೀಗಾಗಿ ಬಯಲಿಗೆ ಬಂದಾಗ ಅಮರಗುಂಡ ನೆಟ್ಟಗೆ ನಡೆದ, ಜಂಬಣ್ಣ ಕುಂಟಿದ. ಸಿಂಧನೂರಿನವರಿಗೆ ಗೊಂದಲವಾಯಿತು. "ಕುಂಟೋ ಆಟಗಾರ ಇವ್ನೇ ಏನು?" ಎಂದು ಒಬ್ಬ ಜಂಬಣ್ಣನನ್ನು ತೋರಿಸಿ ಕೇಳಿದ. "ವಯಸ್ಸಾಗ್ಯಾದಲ್ಲ." ಕನಕರಾಯ ಮಾತ್ರ ಏನೂ ಕೇಳಲಿಲ್ಲ, ಜೊತೆಗೆ ಕರೆದುಕೊಂಡು ಬಂದ ಹಡಪದ ಮುದುಕಪ್ಪನ ಕ್ಷೌರದ ಕತ್ತಿ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದ.

ಮಾಸ್ತರು ಸೀಟಿ ಊದಿದರು. ಲಿಂಗಸುಗೂರಿನ ಒಬ್ಬನಾದರೂ ಚೆಂಡನ್ನು ನೋಡಿದ್ದರೆ ಕೇಳಿ. ಎಲ್ಲರ ಕಣ್ಣೂ ಅಮರಗುಂಡನ ಕಾಲಿನ ಮೇಲೆ. ಅವನು ಹಾರಿದರೆ ಬಯಲೇ ಉಸಿರು ಹಿಡಿಯುತ್ತಿತ್ತು, ನೆಲಕ್ಕೆ ಇಳಿದರೆ ಬಿಡುತ್ತಿತ್ತು. "ಮೆಲ್ಲಕ ಹಾರೋ ತಮ್ಮಾ," ಎಂದು ಜಂಬಣ್ಣ ಕೈ ಜೋಡಿಸಿ ಬೇಡಿಕೊಳ್ಳುತ್ತಿದ್ದ. ಸಿಂಧನೂರಿನವರು ಒಂದಾದ ಮೇಲೊಂದು ಚೆಂಡು ಹಾಕುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಅಮರಗುಂಡ ಚೆಂಡಿನ ಹಿಂದೆ ಹೋಗಿ ಮಂಡಿಯೂರಿ ಬಿದ್ದ, ಏಳಲಿಲ್ಲ. ಮುದುಕಪ್ಪ ಕತ್ತಿ ಮಸೆಯಲು ಶುರು ಮಾಡಿದ. ಜಂಬಣ್ಣ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡು ಕಣ್ಣು ಮುಚ್ಚಿದ. ಬಂದೇಸಾಬ ಓಡಿಹೋಗಿ ಬಗ್ಗಿ ಕೇಳಿದ.

"ಎಲ್ಲಿ ಮುರೀತು ಬೇಟಾ?"

"ಮುರದಿಲ್ಲರಿ. ತಾಯತ ಬಿದ್ದದ, ಹುಡುಕಾಕತ್ತೀನಿ."

ತಾಯತ ಸಿಕ್ಕಿತು. ಅಮರಗುಂಡ ಎದ್ದು, ಕಟ್ಟಿಕೊಂಡು, ಕೊನೆಯ ಸೀಟಿಯ ತನಕ ಕಂಬದ ಹಾಗೆ ನಿಂತ. ಲಿಂಗಸುಗೂರಿನ ಜನ ಅವನನ್ನು ಹೆಗಲ ಮೇಲೆ ಎತ್ತಿ ಕುಣಿದರು. ಸಿಂಧನೂರಿನವರೂ ಕುಣಿದರು, ಏಕೆಂದರೆ ಆಟ ಗೆದ್ದವರು ಅವರು. ಯಾರು ಯಾತಕ್ಕೆ ಕುಣಿಯುತ್ತಿದ್ದಾರೆಂದು ಮಾಸ್ತರಿಗೆ ತಿಳಿಯದೆ ಸುಮ್ಮನೆ ಇನ್ನೊಂದು ಸಲ ಸೀಟಿ ಊದಿದರು. ಕುಣಿಯುತ್ತಿದ್ದ ಕನಕರಾಯ ಒಮ್ಮೆಲೆ ನೆನಪಾದವನಂತೆ ನಿಂತ. ಆಡಿದ ಮಾತಿಗೆ ತಪ್ಪದೆ ಅಲ್ಲೇ ಕೂತು ಮೀಸೆ ಬೋಳಿಸಿಕೊಂಡ. ಮುದುಕಪ್ಪನಿಗೆ ಯಾರ ಮೀಸೆಯಾದರೂ ಸರಿ, ಮಸೆದ ಕತ್ತಿ ದಂಡವಾಗಲಿಲ್ಲ.

ಜಂಬಣ್ಣ ಮೀಸೆ ತಿರುವುತ್ತ, ಕುಂಟುತ್ತ, ರಾಜನಂತೆ ಮನೆಗೆ ಬಂದ. ಕಸ್ತೂರೆಮ್ಮ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹುಡುಗ ನಿಂತನಂತಲ್ಲರಿ. ಗುರುಗುಂಟಿ ಅಮರೇಶ್ವರ ನನ್ನ ಮಾತು ಕೇಳಿದ. ನಾಳೆ ನಸಿಕಿನ್ಯಾಗ ಎದ್ದು ಹರಕಿ ತೀರಿಸಿ ಬರೂಣ."

"ಹೋಗೂಣೇಳು. ಏನಂತ ಹರಕಿ ಹೊತ್ತಿದ್ದೆ? ಕಾಯಿ ಒಡಿಸ್ತೀನಂತನೋ?"

"ಮುಡಿ ಕೊಡಸ್ತೀನಿ ಅನ್ನೂಣಂದ್ರ ನಿಮ್ಮ ತಲ್ಯಾಗ ಏನೈತ್ರಿ?" ಎಂದಳು ಕಸ್ತೂರೆಮ್ಮ ಸಂಕೋಚದಿಂದ. "ದೇವರಿಗೆ ಕೊಟ್ರ ನಮಗ ಪ್ರೀತಿದ್ದದ್ದು ಕೊಡಬೇಕು. ಅದಕ್ಕ ನಿಮ್ಮ ಮೀಸಿ ಬೇಡಿಕೊಂಡೆ."

ಜಂಬಣ್ಣ ಹೊಸ್ತಿಲ ಮೇಲೆ ಕೂತ. ಪಂಥದ ಕಥೆಯನ್ನು ಆಗ ಹೇಳಿದ. ಕಸ್ತೂರೆಮ್ಮ ನಗಲಿಲ್ಲ, ಅದು ಇನ್ನೂ ಕೆಟ್ಟದ್ದಾಗಿತ್ತು. "ಮೊದಲ ಹೇಳಿದ್ರ ನನ್ನ ಬೆಂಡೋಲಿ ಕೊಡ್ತೀನಿ ಅಂತಿದ್ನಲ್ಲರಿ," ಎಂದು ಕಿವಿ ಮುಟ್ಟಿಕೊಂಡು ಕಣ್ಣೊರೆಸಿಕೊಂಡಳು. ಆದರೆ ಹೊತ್ತ ಹರಕೆಯನ್ನು ಬದಲಿಸಲು ದೇವರೇನು ಬಟ್ಟೆ ವ್ಯಾಪಾರಿಯೇ?

ಮರುದಿನ ಮಧ್ಯಾಹ್ನ ಗುರುಗುಂಟೆಯಿಂದ ಹಿಂತಿರುಗಿದ ಜಂಬಣ್ಣ, ಬಾಯಿಗೆ ಹೆಗಲ ಮೇಲಿನ ವಲ್ಲಿ ಅಡ್ಡ ಹಿಡಿದು ಬಸ್ಸಿನಿಂದ ಇಳಿದ. ಎದುರಿಗೆ ಮಸ್ಕಿ ಮೇಲೆ ಸಿಂಧನೂರಿಗೆ ಹೋಗುವ ಬಸ್ಸು ಹೊರಡಲು ನಿಂತಿತ್ತು. ಅದರ ಕಿಟಕಿಯಲ್ಲಿ, ಜೊತೆಯವರೊಂದಿಗೆ ಊರಿಗೆ ಹೋಗಲು ನಾಚಿ ರಾತ್ರಿ ಇಲ್ಲೇ ಉಳಿದಿದ್ದ ಕನಕರಾಯ, ಅವನ ಬಾಯಿಗೂ ವಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬೆರಗಾಗಿ ವಲ್ಲಿ ಬಿಟ್ಟರು.

"ಇದೇನ್ರಿ ಜಂಬಣ್ಣೋರ, ಗೆದ್ದವರು ನೀವು," ಎಂದ ಕನಕರಾಯ ಮೆಲ್ಲಗೆ.

"ಹರಕಿರಿ," ಎಂದು ಜಂಬಣ್ಣ ಸಣ್ಣ ಧ್ವನಿಯಲ್ಲಿ ಎಲ್ಲ ಹೇಳಿದ.

ಅಷ್ಟರಲ್ಲಿ ಕನಕರಾಯನ ಹಿಂದೆ ಕೂತಿದ್ದ ಮಸ್ಕಿಯವನೊಬ್ಬ ಕುತ್ತಿಗೆ ಚಾಚಿದ. "ಮೀಸಿ ಪಂಥ ಹಾಕಿದವರು ನೀವೇ ಅಲ್ಲೇನ್ರಿ? ಸೋತವರು ಯಾರು?"

ಕನಕರಾಯ ಜಂಬಣ್ಣನ ಬೋಳು ತುಟಿಯನ್ನು ನೋಡಿದ, ಅವನ ಕುಂಟುಕಾಲನ್ನು ನೋಡಿದ. ಮುಖದಲ್ಲಿ ಹೊಸ ಬೆಳಕು ಬಂತು.

"ನಿನ್ನಿ ಆಟ ಗೆದ್ದವರು ಯಾರು?"

"ಸಿಂಧನೂರು," ಎಂದಿತು ಇಡೀ ಬಸ್ಸು.

"ಮತ್ತ ಕೇಳ್ತೀರಲ್ಲ," ಎಂದು ಕನಕರಾಯ ಹಿಂದಕ್ಕೆ ಒರಗಿ, ಬೋಳು ತುಟಿಯ ಮೇಲೆ ಭಕ್ತಿಯಿಂದ ಕೈಯಾಡಿಸಿದ. "ನಂದು ಹರಕಿ ಮೀಸಿರಿ."

ಬಸ್ಸು ಹೊರಟಿತು.